ಹೊರದೇಶದಲ್ಲಿ ಬಾಡಿಗೆ ಮನೆ: ದುಡ್ಡು ಕಳಿಸುವ ಮೊದಲೇ ಮೋಸ ಗುರುತಿಸುವುದು ಹೇಗೆ?

ಹೊರದೇಶಕ್ಕೆ ಓದಲಿಕ್ಕೋ ಕೆಲಸಕ್ಕೋ ಹೊರಟವರು ಮನೆ ಹುಡುಕುವುದು ಬಹಳ ಇಕ್ಕಟ್ಟಿನ ಸಮಯದಲ್ಲಿ. ಕ್ಲಾಸ್ ಶುರುವಾಗುವ ದಿನ ಹತ್ತಿರ ಬಂದಿರುತ್ತದೆ. ಟಿಕೆಟ್ ಬುಕ್ ಆಗಿರುತ್ತದೆ. ಆ ಊರನ್ನು ಕಣ್ಣಾರೆ ನೋಡಿಲ್ಲ, ಅಲ್ಲಿ ಗುರುತಿನವರೂ ಇಲ್ಲ. ಎಷ್ಟು ಕಡೆ ಮೆಸೇಜ್ ಹಾಕಿದರೂ ಯಾರೂ ಉತ್ತರ ಕೊಡುವುದಿಲ್ಲ. ಅಷ್ಟರಲ್ಲಿ ಯಾರೋ ಒಬ್ಬರು ಅಕ್ಕರೆಯಿಂದ ಉದ್ದನೆಯ ಉತ್ತರ ಬರೆಯುತ್ತಾರೆ. ಮನೆ ಚೆನ್ನಾಗಿದೆ, ಬಾಡಿಗೆ ಕಮ್ಮಿ, ಅಡ್ವಾನ್ಸ್ ಕಳಿಸಿದರೆ ಮನೆ ನಿಮ್ಮದೇ ಅನ್ನುತ್ತಾರೆ. ಆಗ ಮನಸ್ಸು ಹಗುರಾಗುವುದು ಸಹಜ ಅಲ್ವಾ? ಮೋಸಗಾರರು ಕಾಯುವುದು ಆ ಗಳಿಗೆಗೇ.

ಹೀಗೆ ಸಿಕ್ಕಿಬಿದ್ದವರನ್ನು ದಡ್ಡರು ಅನ್ನುವುದು ಅನ್ಯಾಯ. ಆ ಊರಲ್ಲಿ ಬಾಡಿಗೆ ಎಷ್ಟಿರುತ್ತದೆ, ಕರಾರು ಹೇಗಿರುತ್ತದೆ, ಅಡ್ವಾನ್ಸ್ ಯಾವಾಗ ಕೊಡಬೇಕು ಅನ್ನುವುದು ಅಲ್ಲಿಯವರಿಗೆ ಸಹಜವಾಗಿ ಗೊತ್ತಿರುತ್ತದೆ. ಹೊರಗಿನಿಂದ ಬರುವವರಿಗೆ ಅದನ್ನು ಯಾರೂ ಹೇಳಿಕೊಟ್ಟಿರುವುದಿಲ್ಲ. ಆ ಕೊರತೆ ತುಂಬಲಿಕ್ಕೇ ಈ ಮಾರ್ಗದರ್ಶಿ.

ಉದ್ದಕ್ಕೂ ಒಂದು ನಿಯಮ ಹಿಡಿದುಕೊಂಡು ಹೋಗೋಣ. ಮನೆ ಕೊಡುವವರು ತಾವಾಗಿ ಕಳಿಸಿದ ಯಾವುದನ್ನೂ ಪುರಾವೆ ಅಂತ ಲೆಕ್ಕಕ್ಕೆ ತೆಗೆದುಕೊಳ್ಳಬೇಡಿ. ಪಾಸ್‌ಪೋರ್ಟ್ ಫೋಟೋ, ಮನೆ ಪತ್ರ, ವಕೀಲರ ಸಹಿ, ಲಿಂಕ್, ಫೋನ್ ನಂಬರ್ ಎಲ್ಲವನ್ನೂ ಸುಳ್ಳಾಗಿ ತಯಾರಿಸಬಹುದು. ಅವರು ತೋರಿಸದ ದಾರಿಯಲ್ಲಿ ನೀವೇ ಹೋಗಿ ಕಂಡುಕೊಂಡದ್ದು ಮಾತ್ರ ಲೆಕ್ಕಕ್ಕೆ ಬರುತ್ತದೆ. ಕೆಳಗಿನ ಎಲ್ಲ ಹಂತಗಳೂ ಈ ಒಂದು ನಿಯಮದ ಬಳಕೆಯೇ.

ಹಂತ 1: ಹುಡುಕುವ ಮೊದಲು ಆ ಊರಿನ ಬಾಡಿಗೆ, ಆ ದೇಶದ ನಿಯಮ ತಿಳಿದುಕೊಳ್ಳಿ

ಇದನ್ನು ಬಹಳ ಜನ ಬಿಟ್ಟುಬಿಡುತ್ತಾರೆ. ಆದರೆ ಮುಂದಿನ ಹಂತಗಳೆಲ್ಲ ನಿಂತಿರುವುದು ಇದರ ಮೇಲೆ.

ಮೊದಲು ಬಾಡಿಗೆ. ಆ ಊರಿನ ದೊಡ್ಡ ಬಾಡಿಗೆ ಸೈಟುಗಳಲ್ಲಿ ಒಂದೇ ಬಡಾವಣೆಯ, ಒಂದೇ ಅಳತೆಯ ಮೂವತ್ತು ನಲವತ್ತು ಮನೆ ನೋಡಿ. ಅರ್ಧ ಗಂಟೆಯಲ್ಲಿ ಸರಾಸರಿ ಅಂದಾಜು ಸಿಗುತ್ತದೆ. ಊರ ನಡುವಿನ, ಪೂರ್ತಿ ಸಾಮಾನು ಜೋಡಿಸಿದ ಮನೆ ಆ ಸರಾಸರಿಗಿಂತ ತುಂಬಾ ಕಮ್ಮಿಗೆ ಸಿಗುತ್ತಿದ್ದರೆ, ಅದೃಷ್ಟ ಖುಲಾಯಿಸಿತು ಅಂದುಕೊಳ್ಳುವ ಮೊದಲು ಅನುಮಾನ ಪಡಿ. ಮನೆಗೆ ಇಷ್ಟೊಂದು ಬರ ಇರುವ ಊರಲ್ಲಿ ಯಾರೂ ಸುಮ್ನೆ ಬಾಡಿಗೆ ಇಳಿಸುವುದಿಲ್ಲ. ಇತ್ತೀಚೆಗೆ ಕೆಲವರು ಜಾಣರಾಗಿದ್ದಾರೆ, ಸರಾಸರಿಗಿಂತ ಸ್ವಲ್ಪ ಮಾತ್ರ ಕಮ್ಮಿ ಹಾಕುತ್ತಾರೆ. ಹಾಗಾಗಿ ಬಾಡಿಗೆ ಸರಿಯಾಗಿದೆ ಅಂದ ಮಾತ್ರಕ್ಕೆ ನಿಶ್ಚಿಂತೆ ಬೇಡ.

ಆಮೇಲೆ ನಿಯಮ. ಅಡ್ವಾನ್ಸ್ (ಅಲ್ಲಿ ಡೆಪಾಸಿಟ್ ಅನ್ನುತ್ತಾರೆ) ಎಷ್ಟು ಕೇಳಬಹುದು ಅನ್ನುವುದಕ್ಕೆ ಬಹಳ ದೇಶಗಳಲ್ಲಿ ಕಾನೂನಿನ ಮಿತಿ ಇದೆ. ಇಂಗ್ಲೆಂಡ್‌ನಲ್ಲಿ 2019ರ ಜೂನ್ 1ರಿಂದ ಜಾರಿಯಲ್ಲಿರುವ ಕಾನೂನಿನ ಪ್ರಕಾರ, ವರ್ಷದ ಬಾಡಿಗೆ 50,000 ಪೌಂಡ್‌ಗಿಂತ ಕಮ್ಮಿ ಇದ್ದರೆ ಡೆಪಾಸಿಟ್ 5 ವಾರದ ಬಾಡಿಗೆ ಮೀರುವಂತಿಲ್ಲ. ಮನೆ ಹಿಡಿದಿಡಲು ಕೊಡುವ ಮುಂಗಡ 1 ವಾರದ ಬಾಡಿಗೆ ಮೀರುವಂತಿಲ್ಲ. ಮನೆ ತೋರಿಸಲು ಫೀಸು ಕೇಳುವಂತೆಯೇ ಇಲ್ಲ. ಡೆಪಾಸಿಟ್ಟನ್ನು 30 ದಿನದೊಳಗೆ ಸರ್ಕಾರ ಒಪ್ಪಿದ ಮೂರು ಸಂರಕ್ಷಣಾ ಯೋಜನೆಗಳಲ್ಲಿ ಒಂದರಲ್ಲಿ ಇಡಬೇಕು.

ಜರ್ಮನಿಯಲ್ಲಿ ಡೆಪಾಸಿಟ್ ಗರಿಷ್ಠ 3 ತಿಂಗಳ ಮೂಲ ಬಾಡಿಗೆ. ಹೀಟಿಂಗ್, ನೀರಿನ ಖರ್ಚು ಅದರಲ್ಲಿ ಸೇರುವುದಿಲ್ಲ. ಅದನ್ನೂ ಮೂರು ಕಂತಿನಲ್ಲಿ ಕೊಡುವ ಹಕ್ಕು ಬಾಡಿಗೆದಾರರಿಗಿದೆ, ಮೊದಲ ಕಂತು ಕೊಡಬೇಕಾದದ್ದು ಬಾಡಿಗೆ ಅವಧಿ ಶುರುವಾಗುವಾಗ. 2015ರ ಜೂನ್‌ನಿಂದ ಅಲ್ಲಿ ಏಜೆಂಟರನ್ನು ಗೊತ್ತು ಮಾಡಿದವರೇ ಅವರ ಫೀಸು ಕೊಡಬೇಕು. ಮಾಲೀಕರ ಕಡೆಯ ಏಜೆಂಟ್ ನಿಮ್ಮ ಹತ್ತಿರ ಕಮಿಷನ್ ಕೇಳಿದರೆ ಅಲ್ಲಿಗೇ ನಿಲ್ಲಿಸಿ. ನೆದರ್‌ಲ್ಯಾಂಡ್ಸ್‌ನಲ್ಲಿ 2023ರ ಜುಲೈ 1ರಿಂದ ಮಾಡುವ ಕರಾರುಗಳಿಗೆ ಡೆಪಾಸಿಟ್ ಮಿತಿ 2 ತಿಂಗಳ ಮೂಲ ಬಾಡಿಗೆ. ಫ್ರಾನ್ಸ್‌ನಲ್ಲಿ ಖಾಲಿ ಮನೆಗೆ 1 ತಿಂಗಳು, ಸಾಮಾನು ಸಮೇತದ ಮನೆಗೆ 2 ತಿಂಗಳು. ಐರ್ಲೆಂಡ್‌ನಲ್ಲಿ 1 ತಿಂಗಳ ಡೆಪಾಸಿಟ್, 1 ತಿಂಗಳ ಮುಂಗಡ ಬಾಡಿಗೆ, ಅಷ್ಟೇ. ಕೆನಡಾದ ಒಂಟಾರಿಯೊದಲ್ಲಿ ಕೊನೆಯ ತಿಂಗಳ ಬಾಡಿಗೆಯನ್ನು ಮುಂಚೆ ತೆಗೆದುಕೊಳ್ಳಬಹುದು, ಆದರೆ ಹಾನಿಗೆ ಅಂತ ಬೇರೆ ಡೆಪಾಸಿಟ್ ಕೇಳುವುದು ಕಾನೂನುಬಾಹಿರ. ಆಸ್ಟ್ರೇಲಿಯಾದ ನ್ಯೂ ಸೌತ್ ವೇಲ್ಸ್, ವಿಕ್ಟೋರಿಯಾಗಳಲ್ಲಿ ಡೆಪಾಸಿಟ್ ದುಡ್ಡಿಗೆ ಬಾಂಡ್ ಅನ್ನುತ್ತಾರೆ. ಅದು ಮಾಲೀಕರ ಜೇಬಿನಲ್ಲಿ ಉಳಿಯುವಂತಿಲ್ಲ, ಸರ್ಕಾರಿ ಸಂಸ್ಥೆಯಲ್ಲಿ ಜಮೆಯಾಗಬೇಕು.

ಇದನ್ನೆಲ್ಲ ಬಾಯಿಪಾಠ ಮಾಡಬೇಕಾಗಿಲ್ಲ. ನೀವು ಹೋಗುವ ದೇಶ ಅಥವಾ ರಾಜ್ಯದ ನಿಯಮ ಮಾತ್ರ ಗೊತ್ತಿದ್ದರೆ ಸಾಕು. ಒಂಟಾರಿಯೊದ ಮನೆಗೆ ಯಾರಾದರೂ ಹಾನಿ ಡೆಪಾಸಿಟ್ ಅಂತ ಎರಡು ತಿಂಗಳ ದುಡ್ಡು ಕೇಳಿದರೆ, ಅವರು ಒಂದೋ ಕಾನೂನು ಮುರಿಯುವ ಮಾಲೀಕರು, ಇಲ್ಲವೇ ಮಾಲೀಕರೇ ಅಲ್ಲ. ಎರಡೂ ನಮಗೆ ಬೇಡ.

ಹಂತ 2: ಫೋಟೋಗಳನ್ನು ನಿಧಾನವಾಗಿ ನೋಡಿ

ಮೊದಲು ಎಲ್ಲರೂ ಹೇಳುವ ಕೆಲಸ ಮಾಡಿ. ಪ್ರತಿ ಫೋಟೋವನ್ನೂ ಗೂಗಲ್ ಲೆನ್ಸ್‌ನಲ್ಲಿ, ಫೋಟೋದಿಂದ ಹುಡುಕುವ ಟಿನ್‌ಐ ಸೈಟಿನಲ್ಲಿ ಹಾಕಿ ಹುಡುಕಿ. ಅದೇ ಫೋಟೋ ಬೇರೆ ಊರಿನ ಮನೆಗೆ, ಮಾರಾಟದ ಜಾಹೀರಾತಿಗೆ ಅಥವಾ ಪ್ರವಾಸಿಗರ ರೂಮಿಗೆ ಬಳಕೆಯಾಗಿದ್ದರೆ ಮಾತು ಮುಗಿಯಿತು. ಒಂದೆರಡು ಫೋಟೋ ನೋಡಿ ಬಿಡಬೇಡಿ. ಹಾಲ್ ಒಂದು ಮನೆಯದು, ಬಚ್ಚಲು ಇನ್ನೊಂದು ಮನೆಯದು ಇರಬಹುದು. ಏನೂ ಸಿಗದಿದ್ದರೆ ಅದು ಒಳ್ಳೆಯ ಸುದ್ದಿಯೂ ಅಲ್ಲ. ಫೋಟೋವನ್ನು ಕನ್ನಡಿಯಂತೆ ತಿರುಗಿಸಿ ಅಥವಾ ಕತ್ತರಿಸಿ ಹಾಕಿದರೆ ಹುಡುಕಾಟಕ್ಕೆ ಸಿಗದೆ ಹೋಗಬಹುದು. ಈಗಂತೂ ಇಲ್ಲದ ಮನೆಯ ಚಿತ್ರವನ್ನೇ ಎಐನಿಂದ ಮಾಡಿಸಬಹುದು.

ಅದಕ್ಕೇ ಕಣ್ಣು ಬಳಸಬೇಕು. ನಾನು ಮೊದಲು ನೋಡುವುದು ಗೋಡೆಯ ಪ್ಲಗ್ ಸಾಕೆಟ್. ಬ್ರಿಟನ್ ಮತ್ತು ಐರ್ಲೆಂಡ್‌ನಲ್ಲಿ ಮೂರು ಆಯತಾಕಾರದ ರಂಧ್ರ, ಪಕ್ಕದಲ್ಲಿ ಹೆಚ್ಚಾಗಿ ಪುಟ್ಟ ಸ್ವಿಚ್ ಇರುತ್ತದೆ. ಜರ್ಮನಿ, ನೆದರ್‌ಲ್ಯಾಂಡ್ಸ್‌ನಲ್ಲಿ ದುಂಡಗಿನ ಗುಳಿಯೊಳಗೆ ಎರಡು ದುಂಡು ರಂಧ್ರ. ಫ್ರಾನ್ಸ್‌ನಲ್ಲಿ ಅದೇ ಗುಳಿಯೊಳಗಿಂದ ಒಂದು ಲೋಹದ ಕಡ್ಡಿ ಹೊರಗೆ ಚಾಚಿರುತ್ತದೆ. ಅಮೆರಿಕ, ಕೆನಡಾದಲ್ಲಿ ಎರಡು ಲಂಬವಾದ ಸೀಳು, ಕೆಳಗೆ ಒಂದು ದುಂಡು ರಂಧ್ರ. ಆಸ್ಟ್ರೇಲಿಯಾದಲ್ಲಿ ಮೇಲಿನ ಎರಡು ಸೀಳುಗಳು ಓರೆಯಾಗಿರುತ್ತವೆ. ಲಂಡನ್ನಿನ ಫ್ಲ್ಯಾಟ್ ಅಂತ ಹಾಕಿದ ಫೋಟೋದಲ್ಲಿ ಹಾಸಿಗೆ ಪಕ್ಕ ಲಂಬವಾದ ಸೀಳುಗಳ ಸಾಕೆಟ್ ಕಂಡರೆ, ಆ ಹಾಸಿಗೆ ಲಂಡನ್ನಿನಲ್ಲಿಲ್ಲ. ಬಚ್ಚಲುಮನೆಯನ್ನೂ ನೋಡಿ. ಬ್ರಿಟನ್ನಿನ ಬಚ್ಚಲುಗಳಲ್ಲಿ ಶೇವರ್ ಸಾಕೆಟ್ ಬಿಟ್ಟರೆ ಸಾಮಾನ್ಯ ಸಾಕೆಟ್ ಇರುವುದಿಲ್ಲ ಅನ್ನಬಹುದು.

ಕಿಟಕಿ ಆಚೆ ಏನು ಕಾಣುತ್ತದೆ? ಕಾರುಗಳು ರಸ್ತೆಯ ಯಾವ ಬದಿಯಲ್ಲಿವೆ? ಎದುರಿನ ಕಟ್ಟಡ ಎಷ್ಟು ಅಂತಸ್ತಿನದು? ಜಾಹೀರಾತಿನ ವಿಳಾಸವನ್ನು ಗೂಗಲ್ ಸ್ಟ್ರೀಟ್ ವ್ಯೂನಲ್ಲಿ ತೆರೆದು ಪಕ್ಕದಲ್ಲಿಟ್ಟು ಹೋಲಿಸಿ. ಮೂರನೇ ಮಹಡಿ ಅಂದಿದ್ದಾರೆ, ಆ ಕಟ್ಟಡಕ್ಕೆ ಇರುವುದೇ ಎರಡು ಮಹಡಿ ಅಂತ ಗೊತ್ತಾಗುವುದು ಹೀಗೇ. ಒಂದು ಫೋಟೋದಲ್ಲಿ ಹಾಲ್‌ನ ಕಿಟಕಿ ಬಲಗಡೆ ಇದ್ದು, ಅದೇ ಕೋನದ ಇನ್ನೊಂದರಲ್ಲಿ ಎಡಗಡೆ ಇದ್ದರೂ ಅನುಮಾನಿಸಿ.

ಹಂತ 3: ಮೊದಲ ಉತ್ತರವನ್ನು ಸಾಲು ಸಾಲಾಗಿ ಓದಿ

ಈ ಮೋಸದ ಮೆಸೇಜಿಗೆ ಒಂದು ಅಚ್ಚು ಇದೆ. ಭಾಷೆ ಬದಲಾಗುತ್ತದೆ, ಊರು ಬದಲಾಗುತ್ತದೆ, ಕಥೆ ಬದಲಾಗುವುದಿಲ್ಲ. ಸಾಮಾನ್ಯವಾಗಿ ಹೀಗಿರುತ್ತದೆ:

"ನಮಸ್ಕಾರ, ನನ್ನ ಫ್ಲ್ಯಾಟ್ ಬಗ್ಗೆ ವಿಚಾರಿಸಿದ್ದಕ್ಕೆ ಸಂತೋಷ. ಮಗಳ ಓದಿಗೆ ಅಂತ ಇದನ್ನು ಕೊಂಡೆ. ಅವಳ ಓದು ಮುಗಿದಿದೆ, ಈಗ ನಮ್ಮ ಜೊತೆಗೇ ಇದ್ದಾಳೆ. ನಾನು ಕೆಲಸದ ಮೇಲೆ ಬೇರೆ ದೇಶದಲ್ಲಿದ್ದೇನೆ. ನನಗೆ ಬಾಡಿಗೆಗಿಂತ ಮನೆಯನ್ನು ಸ್ವಂತದ್ದರಂತೆ ನೋಡಿಕೊಳ್ಳುವವರು ಸಿಗುವುದು ಮುಖ್ಯ. ಕರೆಂಟು, ನೀರು, ಇಂಟರ್ನೆಟ್ ಎಲ್ಲ ಬಾಡಿಗೆಯಲ್ಲೇ ಸೇರಿದೆ. ಕೀ ಮತ್ತು ಕರಾರು ಕೊರಿಯರ್‌ನಲ್ಲಿ ಕಳಿಸುತ್ತೇನೆ. ಮನೆ ನೋಡಿ ಹಿಡಿಸದಿದ್ದರೆ ದುಡ್ಡು ಪೂರ್ತಿ ವಾಪಸ್. ನನ್ನ ಪಾಸ್‌ಪೋರ್ಟ್ ಕಳಿಸಿದ್ದೇನೆ, ನಿಮ್ಮದನ್ನೂ ಕಳಿಸಿ."

ಓದಲಿಕ್ಕೆ ಎಷ್ಟು ಸಭ್ಯವಾಗಿದೆ ನೋಡಿ. ಆದರೆ ಒಂದೊಂದು ಸಾಲಿಗೂ ಒಂದು ಕೆಲಸ ಇದೆ. ಮಗಳ ಕಥೆ ಇರುವುದು, ಮನೆ ಯಾಕೆ ಖಾಲಿ ಇದೆ, ಬಾಡಿಗೆ ಯಾಕೆ ಕಮ್ಮಿ ಅಂತ ನೀವು ಕೇಳದಿರಲಿ ಅಂತ. ಬೇರೆ ದೇಶದಲ್ಲಿರುವುದು, ಮನೆ ಒಳಗೆ ತೋರಿಸುವ ಪ್ರಶ್ನೆಯೇ ಬಾರದಿರಲಿ ಅಂತ. ದುಡ್ಡಿನ ಆಸೆ ಇಲ್ಲ ಅನ್ನುವ ಮಾತಿನಿಂದ ನೀವೇ ಒಳ್ಳೆಯವರೆಂದು ತೋರಿಸಿಕೊಳ್ಳಲು ಹೊರಡುತ್ತೀರಿ, ಅವರನ್ನು ಪರೀಕ್ಷಿಸುವುದು ಮರೆತುಹೋಗುತ್ತದೆ. ಕೊರಿಯರ್ ಬಂದದ್ದು, ಕೀ ಕೈಗೆ ಬರುವ ಮೊದಲು ದುಡ್ಡು ಹೋಗಬೇಕು ಅಂತ. ಆ ಪಾಸ್‌ಪೋರ್ಟ್ ಹಿಂದೆ ಮೋಸಹೋದ ಇನ್ಯಾರದ್ದೋ ಇರಬಹುದು. ನೀವು ಕಳಿಸಿದರೆ ಮುಂದಿನವರಿಗೆ ತೋರಿಸಲು ನಿಮ್ಮದು ಸಿಗುತ್ತದೆ.

ಇನ್ನೊಂದು ಬಗೆ ಇದಕ್ಕಿಂತ ನೋವು ಕೊಡುವಂಥದ್ದು. ವಾಟ್ಸಾಪ್, ಫೇಸ್‌ಬುಕ್, ಟೆಲಿಗ್ರಾಂ ಗುಂಪುಗಳಲ್ಲಿ ನಮ್ಮದೇ ಭಾಷೆ ಆಡುತ್ತಾ ಬರುವವರು. "ನಾನೂ ಅದೇ ಯೂನಿವರ್ಸಿಟಿ, ರೂಮ್ ಬಿಡ್ತಾ ಇದ್ದೀನಿ, ತುಂಬಾ ಜನ ಕೇಳ್ತಿದ್ದಾರೆ, ನಿಮಗೇ ಕೊಡೋಣ ಅಂತ" ಅನ್ನುತ್ತಾರೆ. ಊರಿನವರು ಅಂದಾಕ್ಷಣ ಮನಸ್ಸು ಕರಗುತ್ತದೆ. ದಯವಿಟ್ಟು ಇವರನ್ನೂ ಅದೇ ಅಳತೆಗೋಲಿನಲ್ಲಿ ಅಳೆಯಿರಿ. ನಿಜವಾದ ವಿದ್ಯಾರ್ಥಿ ಯೂನಿವರ್ಸಿಟಿಯ ಇಮೇಲ್ ವಿಳಾಸದಿಂದ ನಿಮಗೆ ಒಂದು ಸಾಲು ಬರೆಯಬಹುದು. ಮಾಲೀಕರ ಒಪ್ಪಿಗೆ ಪತ್ರ ತೋರಿಸಬಹುದು. ಹಾಗೆ ಕೇಳಿದ್ದಕ್ಕೆ ಸಿಟ್ಟಾದರೆ ಆ ರೂಮ್ ನಿಮಗೆ ಬೇಡ.

ಅವಸರ ಮಾಡಿಸುವುದು ಎಲ್ಲ ಬಗೆಯಲ್ಲೂ ಸಾಮಾನ್ಯ. "ಇವತ್ತು ಸಂಜೆಯೊಳಗೆ ಕಳಿಸಿ, ಇಲ್ಲದಿದ್ದರೆ ಬೇರೆಯವರಿಗೆ ಕೊಡುತ್ತೇನೆ." ಮನೆಗೆ ಬೇಡಿಕೆ ಜಾಸ್ತಿ ಇರುವ ಊರಲ್ಲಿ ನಿಜವಾದ ಮಾಲೀಕರೂ ಅವಸರ ಮಾಡುತ್ತಾರೆ. ವ್ಯತ್ಯಾಸ ಎಲ್ಲಿ ಅಂದರೆ, ನಿಜವಾದವರು ಸಂಬಳದ ಚೀಟಿ ಕೇಳುತ್ತಾರೆ, ಸಂದರ್ಶನ ಮಾಡುತ್ತಾರೆ, ನಿಮ್ಮನ್ನು ಬಿಟ್ಟು ಇನ್ನೊಬ್ಬರನ್ನು ಆರಿಸುತ್ತಾರೆ. ಮೋಸಗಾರರು ಕೇಳಿದವರಿಗೆಲ್ಲ ಒಪ್ಪಿಬಿಡುತ್ತಾರೆ.

ಹಂತ 4: ಉತ್ತರ ಮೊದಲೇ ತಿಳಿದುಕೊಂಡು ಪ್ರಶ್ನೆ ಕೇಳಿ

ನನಗೆ ಬಹಳ ಇಷ್ಟವಾದ ಉಪಾಯ ಇದು. ಮನೆಯಲ್ಲಿ ಇದ್ದವರಿಗೆ ಮಾತ್ರ ಗೊತ್ತಿರುವ, ಆದರೆ ನೀವು ಬೇರೆ ಕಡೆ ಪರೀಕ್ಷಿಸಬಹುದಾದ ಪ್ರಶ್ನೆ ಹುಡುಕಿ.

ಇಂಗ್ಲೆಂಡ್ ಮತ್ತು ವೇಲ್ಸ್‌ನಲ್ಲಿ ಇದು ಸುಲಭ. ಅಲ್ಲಿ ಪ್ರತಿ ಮನೆಗೂ ಕೌನ್ಸಿಲ್ ಟ್ಯಾಕ್ಸ್ ಬ್ಯಾಂಡ್, ಅಂದರೆ ಸ್ಥಳೀಯ ಮನೆ ತೆರಿಗೆಯ ದರ್ಜೆ, ಅಂತ ಇರುತ್ತದೆ. ವಿಳಾಸ ಹಾಕಿದರೆ ಸರ್ಕಾರದ ಸೈಟಿನಲ್ಲಿ ಪುಕ್ಕಟೆಯಾಗಿ ಕಾಣುತ್ತದೆ. ಬಾಡಿಗೆಗೆ ಕೊಡುವ ಮನೆಗೆ ಇಂಧನ ದಕ್ಷತೆಯ ಪ್ರಮಾಣಪತ್ರವೂ ಬೇಕು. ಅದೂ ಸಾರ್ವಜನಿಕ, ಅದರಲ್ಲಿ ಮನೆಯ ಒಟ್ಟು ವಿಸ್ತೀರ್ಣ ಚದರ ಮೀಟರ್‌ನಲ್ಲಿ ಬರೆದಿರುತ್ತದೆ. ಜಾಹೀರಾತಿನಲ್ಲಿ ಎರಡು ಬೆಡ್‌ರೂಮಿನ ವಿಶಾಲ ಫ್ಲ್ಯಾಟ್ ಅಂತಿದ್ದು, ಪ್ರಮಾಣಪತ್ರ 31 ಚದರ ಮೀಟರ್ ಅಂದರೆ ಆ ವಿಳಾಸದಲ್ಲಿ ಆ ಫ್ಲ್ಯಾಟ್ ಇಲ್ಲ.

ಬೇರೆ ದೇಶಗಳಲ್ಲಿ ಹೀಗೆ ಕೇಳಬಹುದು: ಕಟ್ಟಡದ ಬಾಗಿಲು ಯಾವ ರಸ್ತೆಗೆ ತೆರೆಯುತ್ತದೆ? ಕಸದ ಡಬ್ಬಿಗಳನ್ನು ಎಲ್ಲಿಡುತ್ತಾರೆ? ಹೀಟಿಂಗ್ ಗ್ಯಾಸಿನದೋ, ವಿದ್ಯುತ್ತಿನದೋ? ಬಟ್ಟೆ ಒಗೆಯುವ ಯಂತ್ರ ಮನೆಯೊಳಗಿದೆಯೋ, ನೆಲಮಾಳಿಗೆಯಲ್ಲೋ? ಮಾಲೀಕರಿಗೆ ಇವು ಬಾಯಿತುದಿಯಲ್ಲಿರುತ್ತವೆ. ಮೋಸಗಾರರು ಜಾಹೀರಾತಿನ ಮಾತನ್ನೇ ತಿರುಗಿ ಹೇಳುತ್ತಾರೆ, ಇಲ್ಲವೇ ಪ್ರಶ್ನೆಯನ್ನೇ ನುಂಗಿ ಅಡ್ವಾನ್ಸ್ ವಿಷಯಕ್ಕೆ ಬರುತ್ತಾರೆ.

ಜರ್ಮನಿ, ನೆದರ್‌ಲ್ಯಾಂಡ್ಸ್‌ಗೆ ಹೋಗುವವರು ಒಂದು ಪ್ರಶ್ನೆ ಕೇಳಲೇಬೇಕು: ಈ ವಿಳಾಸದಲ್ಲಿ ನನ್ನ ಹೆಸರು ನೋಂದಾಯಿಸಬಹುದೇ? ಜರ್ಮನಿಯಲ್ಲಿ ಮನೆಗೆ ಬಂದ ಎರಡು ವಾರದೊಳಗೆ ವಿಳಾಸ ನೋಂದಾಯಿಸಬೇಕು, ಅದಕ್ಕೆ ಮನೆ ಕೊಟ್ಟವರ ಸಹಿ ಇರುವ ದೃಢೀಕರಣ ಪತ್ರ ಬೇಕು. ನೋಂದಣಿ ಸಾಧ್ಯವಿಲ್ಲ ಅಂದರೆ ಅದು ಮೋಸವೇ ಆಗಿರಬೇಕಿಲ್ಲ, ಕದ್ದುಮುಚ್ಚಿ ಕೊಡುವ ಮರುಬಾಡಿಗೆಯೂ ಇರಬಹುದು. ಆದರೆ ನೋಂದಣಿ ಇಲ್ಲದೆ ಅಲ್ಲಿ ಮುಂದಿನ ಕೆಲಸಗಳು ಒಂದೊಂದಾಗಿ ಸಿಕ್ಕಿಹಾಕಿಕೊಳ್ಳುತ್ತವೆ. ಹಾಗಾಗಿ ಅದೂ ಬೇಡ.

ಹಂತ 5: ಲೈವ್ ವಿಡಿಯೋ, ರೆಕಾರ್ಡ್ ಮಾಡಿದ್ದಲ್ಲ

ಮೊದಲೇ ತೆಗೆದ ವಿಡಿಯೋ ಕಳಿಸಿದರೆ ಅದಕ್ಕೆ ಬೆಲೆ ಇಲ್ಲ. ಬೇರೆ ಕಡೆಯಿಂದ ಇಳಿಸಿಕೊಂಡದ್ದಿರಬಹುದು. ಲೈವ್ ಕಾಲ್ ಕೇಳಿ. ಕಾಲ್ ರಸ್ತೆಯಿಂದ ಶುರುವಾಗಲಿ. ಮೊದಲು ರಸ್ತೆ ಹೆಸರಿನ ಫಲಕ, ಕಟ್ಟಡದ ನಂಬರ್, ಆಮೇಲೆ ಕೀ ಹಾಕಿ ಬಾಗಿಲು ತೆರೆಯುವುದು, ಮೆಟ್ಟಿಲು, ಫ್ಲ್ಯಾಟಿನ ಬಾಗಿಲು, ಒಳಗೆ. ಮಧ್ಯೆ ಕ್ಯಾಮೆರಾ ನಿಲ್ಲಬಾರದು.

ಒಳಗೆ ಹೋದ ಮೇಲೆ ಅವರು ಊಹಿಸದ ಚಿಕ್ಕ ಚಿಕ್ಕ ಕೆಲಸ ಹೇಳಿ. ಅಡುಗೆಮನೆ ನಲ್ಲಿ ತಿರುಗಿಸಿ. ಕಿಟಕಿ ತೆಗೆದು ಕೆಳಗಿನ ರಸ್ತೆ ತೋರಿಸಿ. ಫ್ಯೂಸ್ ಬಾಕ್ಸ್ ಎಲ್ಲಿದೆ? ಅಂಚೆ ಡಬ್ಬಿಯ ಮೇಲಿರುವ ಹೆಸರು ತೋರಿಸಿ. ಇದನ್ನು ಕೇಳಲು ಸಂಕೋಚ ಬೇಡ. ನೋಡದ ಮನೆಗೆ ತಿಂಗಳುಗಟ್ಟಲೆ ದುಡ್ಡು ಕೊಡುವವರು ಇಷ್ಟು ಕೇಳುವುದು ಜಾಸ್ತಿಯೇನಲ್ಲ. ಈಗ ಇರುವ ಬಾಡಿಗೆದಾರರಿಗೆ ತೊಂದರೆ ಅಂತ ನಿಜವಾದ ಮಾಲೀಕರೂ ಒಮ್ಮೊಮ್ಮೆ ದಿನ ಮುಂದೂಡುತ್ತಾರೆ, ಅದು ಸರಿ. ಆ ದಿನ ಬರುವವರೆಗೆ ದುಡ್ಡೂ ಮುಂದೂಡಲಿ.

ಆ ಊರಲ್ಲಿ ಯಾರಾದರೂ ಇದ್ದರೆ ಅವರನ್ನು ಕಳಿಸುವುದು ಎಲ್ಲಕ್ಕಿಂತ ಉತ್ತಮ. ಆದರೆ ಹೊರಗಿನಿಂದ ಕಟ್ಟಡ ನೋಡಿ ಬಂದರೆ ಉಪಯೋಗವಿಲ್ಲ, ಒಳಗೆ ಹೋಗಬೇಕು. ಒಳಗೆ ಹೋದರೂ ಪೂರ್ತಿ ನಂಬುವಂತಿಲ್ಲ. ಫ್ಲ್ಯಾಟನ್ನು ಕೆಲವು ದಿನಕ್ಕೆ ಪ್ರವಾಸಿಗರಂತೆ ಬಾಡಿಗೆಗೆ ಹಿಡಿದು, ತಮ್ಮದೇ ಅಂತ ಹತ್ತಾರು ಜನಕ್ಕೆ ತೋರಿಸಿ, ಎಲ್ಲರಿಂದಲೂ ಡೆಪಾಸಿಟ್ ತೆಗೆದುಕೊಂಡು ಮಾಯವಾಗುವವರಿದ್ದಾರೆ. ಹೋದವರು ಪಕ್ಕದ ಮನೆಯ ಬೆಲ್ ಒತ್ತಿ, ಇಲ್ಲಿ ಯಾರಿರುತ್ತಾರೆ ಅಂತ ಒಂದು ಮಾತು ಕೇಳಲಿ.

ಹಂತ 6: ಮಾಲೀಕರು ಯಾರು ಅಂತ ಸರ್ಕಾರಿ ದಾಖಲೆಯಲ್ಲಿ ನೋಡಿ

ಇಂಗ್ಲೆಂಡ್ ಮತ್ತು ವೇಲ್ಸ್‌ನಲ್ಲಿ ಸರ್ಕಾರಿ ಆಸ್ತಿ ನೋಂದಣಿ ಕಚೇರಿ ಎಚ್‌ಎಂ ಲ್ಯಾಂಡ್ ರಿಜಿಸ್ಟ್ರಿಗೆ ಕೆಲವೇ ಪೌಂಡ್ ಕಟ್ಟಿ ನೋಂದಾಯಿತ ಆಸ್ತಿಯ ಮಾಲೀಕರ ಹೆಸರು ತೆಗೆಯಬಹುದು. ಮಾಲೀಕರು ಕಂಪನಿ ಅಂದರೆ ಕಂಪನಿಗಳ ನೋಂದಣಿ ಕಚೇರಿ ಕಂಪನೀಸ್ ಹೌಸ್‌ನಲ್ಲಿ ಪುಕ್ಕಟೆಯಾಗಿ ನೋಡಬಹುದು. ನೆದರ್‌ಲ್ಯಾಂಡ್ಸ್‌ನಲ್ಲಿ ಕಡಾಸ್ಟರ್ ಅನ್ನುವ ಆಸ್ತಿ ನೋಂದಣಿ ಕಚೇರಿ ಇದೆ. ಅಮೆರಿಕದಲ್ಲಿ ಬಹಳಷ್ಟು ಕೌಂಟಿಗಳ ಆಸ್ತಿ ದಾಖಲೆ ಆನ್‌ಲೈನ್‌ನಲ್ಲೇ ಸಿಗುತ್ತದೆ. ಏಜೆಂಟರ ಲೈಸೆನ್ಸನ್ನು ಐರ್ಲೆಂಡ್‌ನಲ್ಲಿ ನಿಯಂತ್ರಣ ಸಂಸ್ಥೆ ಪಿಎಸ್‌ಆರ್‌ಎ ಪಟ್ಟಿಯಲ್ಲಿ, ಒಂಟಾರಿಯೊದಲ್ಲಿ ಅಂಥದ್ದೇ ಸಂಸ್ಥೆಯಾದ ರೆಕೊ ಪಟ್ಟಿಯಲ್ಲಿ ನೋಡಿ. ಜರ್ಮನಿಯಲ್ಲಿ ಮಾತ್ರ ಆಸ್ತಿ ದಾಖಲೆ ಎಲ್ಲರಿಗೂ ತೆರೆದಿಲ್ಲ, ಸಕಾರಣ ತೋರಿಸಬೇಕು. ಅಲ್ಲಿ ಲೈವ್ ವಿಡಿಯೋ ಮತ್ತು ಯೂನಿವರ್ಸಿಟಿಯ ವಸತಿ ಕಚೇರಿಯ ಮೇಲೆ ಜಾಸ್ತಿ ಭಾರ ಹಾಕಿ.

ದಾಖಲೆಯಲ್ಲಿ ಹೆಸರು ಹೊಂದಿತು ಅಂದುಕೊಳ್ಳಿ. ಆಗಲೂ ಒಂದು ಪ್ರಶ್ನೆ ಉಳಿಯುತ್ತದೆ. ಆ ಹೆಸರಿನ ಮನುಷ್ಯರೇ ನಿಮ್ಮ ಜೊತೆ ಮಾತಾಡುತ್ತಿರುವುದು ಅಂತ ಹೇಗೆ ಗೊತ್ತು? ನಿಜವಾದ ಏಜೆನ್ಸಿಯ ಹೆಸರು, ಲೋಗೋ ಬಳಸಿ, ಒಂದಕ್ಷರ ಮಾತ್ರ ಬೇರೆ ಇರುವ ಇಮೇಲ್‌ನಿಂದ ಬರೆಯುವುದು ಬಹಳ ಹಳೆಯ ತಂತ್ರ. ಅವರು ಕೊಟ್ಟ ನಂಬರಿಗೆ ಫೋನ್ ಮಾಡಬೇಡಿ. ಏಜೆನ್ಸಿಯ ಅಧಿಕೃತ ಸೈಟನ್ನು ನೀವೇ ಹುಡುಕಿ, ಅಲ್ಲಿರುವ ನಂಬರಿಗೆ ಮಾಡಿ. ಈ ವಿಳಾಸದ ಮನೆ ನಿಮ್ಮಲ್ಲಿ ಬಾಡಿಗೆಗಿದೆಯಾ, ಈ ಹೆಸರಿನವರು ನಿಮ್ಮಲ್ಲಿ ಕೆಲಸ ಮಾಡುತ್ತಾರಾ, ಅಂತ ಎರಡು ಪ್ರಶ್ನೆ ಕೇಳಿ. ಐದು ನಿಮಿಷದ ಕೆಲಸ.

ಹಂತ 7: ಕರಾರು

ಇದರಲ್ಲಿ ಜಾಸ್ತಿ ಹೇಳುವುದಿಲ್ಲ. ಪೂರ್ತಿ ವಿಳಾಸ, ಫ್ಲ್ಯಾಟ್ ನಂಬರ್, ಮಾಲೀಕರ ಪೂರ್ತಿ ಹೆಸರು, ಬಾಡಿಗೆ, ಡೆಪಾಸಿಟ್, ಅದು ವಾಪಸ್ ಬರುವ ರೀತಿ, ಶುರುವಾಗುವ ದಿನ ಇರಲೇಬೇಕು. ಒಂಟಾರಿಯೊದಂಥ ಕಡೆ ಸರ್ಕಾರವೇ ಕೊಟ್ಟ ಪ್ರಮಾಣಿತ ನಮೂನೆ ಇದೆ, ಅದರ ಪಕ್ಕದಲ್ಲಿಟ್ಟು ನೋಡಿ. ಯೂನಿವರ್ಸಿಟಿಗೆ ಹೋಗುವವರು ಸಹಿ ಮಾಡುವ ಮೊದಲು ಅಲ್ಲಿನ ವಿದ್ಯಾರ್ಥಿ ಸಂಘಕ್ಕೆ ಅಥವಾ ವಸತಿ ಕಚೇರಿಗೆ ಕಳಿಸಿ. ಬಹಳ ಕಡೆ ಅವರು ಓದಿ ಹೇಳುತ್ತಾರೆ. ಚೆಂದದ ಮುದ್ರೆ, ಸೀಲು ಕಂಡು ಮರುಳಾಗಬೇಡಿ.

ಹಂತ 8: ದುಡ್ಡು ಹೋಗುವ ದಾರಿ

ಎಲ್ಲ ಹಂತದಲ್ಲೂ ತಪ್ಪಿಸಿಕೊಂಡ ಮೋಸ ಇಲ್ಲಿ ಸಿಕ್ಕಿಬೀಳಲೇಬೇಕು, ಅವರಿಗೆ ಬೇಕಾಗಿರುವುದು ಇದೇ ಆದ್ದರಿಂದ.

ವೆಸ್ಟರ್ನ್ ಯೂನಿಯನ್, ಮನಿಗ್ರಾಂ, ಗಿಫ್ಟ್ ಕಾರ್ಡ್, ಕ್ರಿಪ್ಟೋ ಕೇಳಿದರೆ ಮಾತುಕತೆ ಮುಗಿಸಿ. ಬಾಡಿಗೆ ತೆಗೆದುಕೊಳ್ಳಲು ಮಾಲೀಕರಿಗೆ ಬ್ಯಾಂಕ್ ಖಾತೆ ಸಾಕು.

ಒಂದು ತಂತ್ರವನ್ನು ಬಿಡಿಸಿ ಹೇಳಬೇಕು. "ನನಗೆ ಕಳಿಸಬೇಡಿ, ನಿಮ್ಮ ಹತ್ತಿರ ದುಡ್ಡಿದೆ ಅಂತ ತೋರಿಸಿ ಸಾಕು. ವೆಸ್ಟರ್ನ್ ಯೂನಿಯನ್‌ನಲ್ಲಿ ನಿಮ್ಮ ಸ್ನೇಹಿತರ ಹೆಸರಿಗೇ ಕಳಿಸಿ, ರಸೀದಿಯ ಫೋಟೋ ನನಗೆ ಕಳಿಸಿ" ಅನ್ನುತ್ತಾರೆ. ಕೇಳಲು ನಿರಪಾಯ. ಆದರೆ ಆ ರಸೀದಿಯಲ್ಲಿ ಹಣ ಬಿಡಿಸಿಕೊಳ್ಳುವ ನಂಬರ್, ಕಳಿಸಿದವರು ಮತ್ತು ಪಡೆಯುವವರ ಹೆಸರು, ಮೊತ್ತ ಎಲ್ಲ ಇರುತ್ತದೆ. ಅದನ್ನು ಹಿಡಿದು, ನಿಮ್ಮ ಸ್ನೇಹಿತರ ಹೆಸರಿನ ಸುಳ್ಳು ಗುರುತಿನ ಚೀಟಿ ತೋರಿಸಿ, ಇನ್ನೆಲ್ಲೋ ದುಡ್ಡು ಬಿಡಿಸಿಕೊಳ್ಳುತ್ತಾರೆ.

ಬ್ಯಾಂಕ್ ಖಾತೆ ಕೊಟ್ಟರೂ ನೋಡಬೇಕಾದದ್ದಿದೆ. ಯುರೋಪಿನ ಖಾತೆಗೆ ಐಬಿಎಎನ್ ಅನ್ನುವ ಉದ್ದನೆಯ ಸಂಖ್ಯೆ ಇರುತ್ತದೆ. ಅದರ ಮೊದಲ ಎರಡು ಅಕ್ಷರ ಖಾತೆ ಇರುವ ದೇಶದ್ದು. ಡಿಇ ಅಂದರೆ ಜರ್ಮನಿ, ಎನ್‌ಎಲ್ ನೆದರ್‌ಲ್ಯಾಂಡ್ಸ್, ಎಫ್‌ಆರ್ ಫ್ರಾನ್ಸ್, ಇಎಸ್ ಸ್ಪೇನ್, ಎಲ್‌ಟಿ ಲಿಥುವೇನಿಯಾ. ಮ್ಯೂನಿಕ್‌ನಲ್ಲಿ ಮನೆ, ಅಲ್ಲಿಯವರೇ ಮಾಲೀಕರು, ಖಾತೆ ಮಾತ್ರ ಇಎಸ್‌ನಿಂದ ಶುರು ಅಂದರೆ ಯಾಕೆ ಅಂತ ಕೇಳಿ. ಆನ್‌ಲೈನ್ ಬ್ಯಾಂಕುಗಳ ಖಾತೆಗೆ ಬೇರೆ ದೇಶದ ಅಕ್ಷರ ಇರುವುದೂ ಉಂಟು, ಹಾಗಾಗಿ ಇದೊಂದರಿಂದಲೇ ತೀರ್ಮಾನ ಬೇಡ. ಆದರೆ ಖಾತೆಯ ಹೆಸರು ಕರಾರಿನಲ್ಲಿರುವ ಹೆಸರಿಗಿಂತ ಬೇರೆ ಆಗಿದ್ದರೆ ಕಳಿಸಲೇಬೇಡಿ. "ನನ್ನ ಅಕೌಂಟೆಂಟ್ ಖಾತೆ", "ನನ್ನ ತಮ್ಮನ ಖಾತೆ" ಅನ್ನುವುದನ್ನು ಒಪ್ಪಬೇಡಿ.

ಬ್ರಿಟನ್‌ನಲ್ಲಿ 2020ರಿಂದ, ಯೂರೋ ಬಳಸುವ ದೇಶಗಳಲ್ಲಿ 2025ರ ಅಕ್ಟೋಬರ್ 9ರಿಂದ, ಅಲ್ಲಲ್ಲಿನ ಖಾತೆಗಳ ನಡುವೆ ದುಡ್ಡು ಕಳಿಸುವಾಗ ಹೆಸರು ಮತ್ತು ಖಾತೆ ಹೊಂದುತ್ತದೆಯೇ ಅಂತ ಬ್ಯಾಂಕ್ ಹೇಳುವ ವ್ಯವಸ್ಥೆ ಇದೆ. ಬೇರೆ ಖಂಡದಿಂದ ಕಳಿಸುವಾಗ ಬಹಳ ಸಲ ಈ ಪರೀಕ್ಷೆ ಇರುವುದಿಲ್ಲ. ಆದ್ದರಿಂದ ಆ ದೇಶದಲ್ಲಿ ಖಾತೆ ತೆರೆದ ಮೇಲೆ ಕಳಿಸುವುದು ಸುರಕ್ಷಿತ.

ಇನ್ನು ಸುಳ್ಳು ಪೇಜ್‌ಗಳು. "ನಂಬಿಕೆಗೆ ಏರ್‌ಬಿಎನ್‌ಬಿ ಮೂಲಕ ಮಾಡೋಣ" ಅಂತ, ಪ್ರವಾಸಿಗರಿಗೆ ಮನೆ ಬುಕ್ ಮಾಡಿಕೊಡುವ ಆ ಸೈಟಿನದೆನ್ನುವ ಒಂದು ಲಿಂಕ್ ಕಳಿಸುತ್ತಾರೆ. ತೆರೆದರೆ ಬಣ್ಣ, ಲೋಗೋ, ವಿಮರ್ಶೆಗಳು ಎಲ್ಲ ಅದೇ. ವಿಳಾಸದ ಸಾಲು ನೋಡಿ. ಶುರುವಿನ ಎರಡು ಸ್ಲ್ಯಾಶ್ ಬಿಟ್ಟು, ಮುಂದಿನ ಸ್ಲ್ಯಾಶ್‌ವರೆಗೆ ಹೋಗಿ, ಅಲ್ಲಿಂದ ಹಿಂದಕ್ಕೆ ಓದಿ. "ಏರ್‌ಬಿಎನ್‌ಬಿ ಡಾಟ್ ಕಾಮ್ ಹೈಫನ್ ರೂಮ್ಸ್ ಡಾಟ್ ಇನ್ಫೋ" ಅಂತಿದ್ದರೆ, ಸೈಟಿನ ನಿಜವಾದ ಹೆಸರು ಕೊನೆಯ ಭಾಗ: "ಕಾಮ್ ಹೈಫನ್ ರೂಮ್ಸ್ ಡಾಟ್ ಇನ್ಫೋ". ಮುಂದಿರುವ ಏರ್‌ಬಿಎನ್‌ಬಿ ಬರೀ ಅಲಂಕಾರ. ಇಷ್ಟು ಕಷ್ಟ ಬೇಡ ಅನಿಸಿದರೆ ಲಿಂಕ್ ಒತ್ತಲೇಬೇಡಿ. ಆ ಆ್ಯಪ್ ನೀವೇ ತೆರೆದು ಅದರೊಳಗೆ ಆ ಮನೆ ಹುಡುಕಿ. ಅಲ್ಲಿ ಇಲ್ಲದಿದ್ದರೆ ಮನೆ ಇಲ್ಲ. ಅಲ್ಲಿದ್ದರೆ ದುಡ್ಡು ಆ್ಯಪ್ ಒಳಗೇ ಕಟ್ಟಿ. "ಹೊರಗೆ ಕಟ್ಟಿದರೆ ರಿಯಾಯಿತಿ" ಅನ್ನುವುದು ಬಲೆ.

ಹಂತ 9: ದಾಖಲೆ ಕೊಡುವಾಗ

ದುಡ್ಡಿಗಿಂತ ಮೊದಲೇ ಗುರುತು ಕದಿಯುವವರೂ ಇದ್ದಾರೆ. ಮನೆ ನೋಡುವ ಮೊದಲೇ ಪಾಸ್‌ಪೋರ್ಟ್, ಬ್ಯಾಂಕ್ ಸ್ಟೇಟ್‌ಮೆಂಟ್, ವೀಸಾ ಪ್ರತಿ ಕೇಳಿದರೆ ಕೊಡಬೇಡಿ. ಕೊಡಲೇಬೇಕಾದ ಹಂತ ಬಂದಾಗ ಪಾಸ್‌ಪೋರ್ಟ್ ನಂಬರ್ ಮುಚ್ಚಿ. ಪ್ರತಿಯ ಮೇಲೆ ಅಡ್ಡಲಾಗಿ, ಯಾವ ವಿಳಾಸದ ಬಾಡಿಗೆಗೆ, ಯಾವ ದಿನ ಕೊಟ್ಟದ್ದು ಅಂತ ಬರೆಯಿರಿ.

ಜರ್ಮನಿಯಲ್ಲಿ ನಡೆದಿರುವ ಒಂದು ಬಗೆ ವಿಶೇಷವಾಗಿ ಅಪಾಯಕಾರಿ. ಮನೆಗೆ ಅರ್ಜಿ ಹಾಕಿದವರಿಗೆ "ಗುರುತು ಖಚಿತಪಡಿಸಲು" ಅಂತ ವಿಡಿಯೋ ಪರಿಶೀಲನೆಯ ಲಿಂಕ್ ಕಳಿಸುತ್ತಾರೆ. ಪರಿಶೀಲನೆ ನಿಜವಾದದ್ದೇ. ಆದರೆ ಅದು ಮನೆಗಲ್ಲ, ನಿಮ್ಮ ಹೆಸರಲ್ಲಿ ಬ್ಯಾಂಕ್ ಖಾತೆ ತೆರೆಯಲು. ಆ ಖಾತೆಯನ್ನು ಮೋಸಗಾರರು ಬಳಸುತ್ತಾರೆ, ಪೊಲೀಸರು ಹುಡುಕಿ ಬರುವುದು ನಿಮ್ಮ ಹೆಸರಿಗೆ. ವಿಡಿಯೋದಲ್ಲಿರುವ ಉದ್ಯೋಗಿ ಯಾವ ಬ್ಯಾಂಕಿನ ಹೆಸರು ಹೇಳಿದರೂ ಅಲ್ಲಿಗೇ ಕಾಲ್ ಕತ್ತರಿಸಿ.

ಯಾವುದೂ ಖಚಿತವಾಗದಿದ್ದರೆ

ಇದೇ ನನ್ನ ಮೊದಲ ಸಲಹೆಯೂ ಹೌದು. ದೂರದಿಂದಲೇ ವರ್ಷದ ಕರಾರು ಮಾಡುವ ಹಟ ಬಿಡಿ. ಮೊದಲ ಎರಡು ಮೂರು ವಾರಕ್ಕೆ ಹಾಸ್ಟೆಲ್, ಹೋಟೆಲ್ ಅಥವಾ ಹೆಸರಾಂತ ಸೈಟಿನಲ್ಲಿ ಕಾರ್ಡಿನಿಂದ ಬುಕ್ ಮಾಡಿದ ರೂಮ್ ಹಿಡಿಯಿರಿ. ಅಲ್ಲಿಂದ ನಡೆದು ಹೋಗಿ ಮನೆ ನೋಡಿ. ಖರ್ಚು ಜಾಸ್ತಿ ಅನಿಸುತ್ತದೆ, ನಿಜ. ಆದರೆ ಮೋಸಹೋಗುವವರು ಕಳೆದುಕೊಳ್ಳುವುದು ಸಾಮಾನ್ಯವಾಗಿ ಡೆಪಾಸಿಟ್ ಮತ್ತು ಮೊದಲ ತಿಂಗಳ ಬಾಡಿಗೆ ಎರಡನ್ನೂ. ಮೇಲಿಂದ ಇಳಿದ ರಾತ್ರಿಯೇ ಮತ್ತೆ ಹೋಟೆಲ್ ಹುಡುಕಬೇಕು.

ವಿದ್ಯಾರ್ಥಿಗಳು ಸೀಟು ಸಿಕ್ಕಿದ ದಿನವೇ ಯೂನಿವರ್ಸಿಟಿ ಹಾಸ್ಟೆಲಿಗೆ ಅರ್ಜಿ ಹಾಕಿ. ಜರ್ಮನಿಯಲ್ಲಿ ಸ್ಟುಡಿಯರೆಂಡೆನ್‌ವೆರ್ಕ್, ಫ್ರಾನ್ಸ್‌ನಲ್ಲಿ ಕ್ರೂಸ್ ಅನ್ನುವ ವಿದ್ಯಾರ್ಥಿ ವಸತಿ ನೋಡಿಕೊಳ್ಳುವ ಸಂಸ್ಥೆಗಳಿವೆ. ಕಾಯುವ ಪಟ್ಟಿ ಉದ್ದ ಇರುತ್ತದೆ, ಅದಕ್ಕೇ ಬೇಗ.

ದುಡ್ಡು ಹೋಗಿಬಿಟ್ಟಿದ್ದರೆ

ನಾಚಿಕೆ ಪಟ್ಟು ಸುಮ್ಮನೆ ಕೂರಬೇಡಿ, ಇಲ್ಲಿ ಗಂಟೆಗಳು ಮುಖ್ಯ. ತಕ್ಷಣ ನಿಮ್ಮ ಬ್ಯಾಂಕಿನ ವಂಚನೆ ವಿಭಾಗಕ್ಕೆ ಫೋನ್ ಮಾಡಿ ವರ್ಗಾವಣೆ ಹಿಂಪಡೆಯಲು ಕೋರಿ. ದುಡ್ಡು ಇನ್ನೂ ಆ ಖಾತೆಯಲ್ಲಿದ್ದರೆ ತಡೆಹಿಡಿಯುವ ಅವಕಾಶ ಇರುತ್ತದೆ. ವೆಸ್ಟರ್ನ್ ಯೂನಿಯನ್‌ನಲ್ಲಿ ಇನ್ನೂ ಯಾರೂ ಬಿಡಿಸಿಕೊಂಡಿಲ್ಲ ಅಂದರೆ ರದ್ದು ಮಾಡಬಹುದು. ಕಾರ್ಡ್ ಬಳಸಿದ್ದರೆ ಚಾರ್ಜ್‌ಬ್ಯಾಕ್ ಕೇಳಿ, ಅಂದರೆ ಕಾರ್ಡ್ ಕೊಟ್ಟ ಬ್ಯಾಂಕಿನ ಮೂಲಕ ಪಾವತಿ ವಾಪಸ್ ಪಡೆಯುವುದು. ಬ್ರಿಟನ್ನಿನ ಒಂದು ಖಾತೆಯಿಂದ ಇನ್ನೊಂದಕ್ಕೆ ಕಳಿಸಿದ್ದರೆ, 2024ರ ಅಕ್ಟೋಬರ್ 7ರಿಂದ ಬಂದ ನಿಯಮದಂತೆ 85,000 ಪೌಂಡ್‌ವರೆಗೆ ಪರಿಹಾರ ಸಿಗಬಹುದು. ಹೊರದೇಶದಿಂದ ಕಳಿಸಿದ್ದಕ್ಕೆ ಅದು ಅನ್ವಯಿಸುವುದಿಲ್ಲ.

ಚಾಟ್ ಅಳಿಸಬೇಡಿ, ನಂಬರ್ ಬ್ಲಾಕ್ ಮಾಡುವ ಮೊದಲು ಎಲ್ಲದರ ಸ್ಕ್ರೀನ್‌ಶಾಟ್ ತೆಗೆಯಿರಿ. ಜಾಹೀರಾತಿನ ಲಿಂಕ್, ಖಾತೆ ಸಂಖ್ಯೆ, ಇಮೇಲ್ ವಿಳಾಸ ಬರೆದಿಡಿ. ನೀವಿರುವ ದೇಶದ ಪೊಲೀಸರಿಗೂ, ಮನೆ ಇದೆ ಅಂದ ದೇಶದ ವಂಚನೆ ದೂರು ಕೇಂದ್ರಕ್ಕೂ ದೂರು ಕೊಡಿ. ಅಮೆರಿಕದಲ್ಲಿ ಗ್ರಾಹಕರ ರಕ್ಷಣೆಯ ಸಂಸ್ಥೆ ಎಫ್‌ಟಿಸಿ ಮತ್ತು ಎಫ್‌ಬಿಐನ ಇಂಟರ್ನೆಟ್ ಅಪರಾಧ ದೂರು ಕೇಂದ್ರ ಐಸಿ3, ಕೆನಡಾದಲ್ಲಿ ಆ್ಯಂಟಿ ಫ್ರಾಡ್ ಸೆಂಟರ್, ಆಸ್ಟ್ರೇಲಿಯಾದಲ್ಲಿ ಸ್ಕ್ಯಾಮ್‌ವಾಚ್ ಆನ್‌ಲೈನ್‌ನಲ್ಲೇ ದೂರು ತೆಗೆದುಕೊಳ್ಳುತ್ತವೆ. ಜಾಹೀರಾತು ಬಂದ ಸೈಟಿಗೂ ತಿಳಿಸಿ, ಅದನ್ನು ನೋಡುತ್ತಿರುವವರು ಇನ್ನೂ ಇದ್ದಾರೆ. ದೂರಿನ ಪ್ರತಿ ಜೋಪಾನ ಮಾಡಿ. ನಿಮ್ಮ ಪಾಸ್‌ಪೋರ್ಟ್ ಪ್ರತಿ ಅವರ ಕೈಲಿದ್ದರೆ, ಮುಂದೆ ಅದು ಎಲ್ಲಾದರೂ ದುರ್ಬಳಕೆಯಾದಾಗ ತೋರಿಸಲು ಬೇಕಾಗುತ್ತದೆ.

ಕೆಲವು ದಿನ ಕಳೆದ ಮೇಲೆ "ನಿಮ್ಮ ದುಡ್ಡು ವಾಪಸ್ ಕೊಡಿಸುತ್ತೇವೆ" ಅಂತ ವಕೀಲರು, ತನಿಖಾಧಿಕಾರಿಗಳು, ಹ್ಯಾಕರ್‌ಗಳ ಹೆಸರಲ್ಲಿ ಯಾರಾದರೂ ಬರಬಹುದು. ಮೊದಲು ಸ್ವಲ್ಪ ಫೀಸು ಕಟ್ಟಿ ಅನ್ನುತ್ತಾರೆ. ಅವರು ಬಹಳ ಸಲ ಅದೇ ಗುಂಪಿನವರು, ಅಥವಾ ನಿಮ್ಮ ನಂಬರನ್ನು ಆ ಗುಂಪಿನಿಂದ ಕೊಂಡವರು. ಒಂದು ಪೈಸೆಯನ್ನೂ ಕಳಿಸಬೇಡಿ, ಆ ನಂಬರನ್ನೂ ನಿಮ್ಮ ದೂರಿಗೆ ಸೇರಿಸಿ.